ಮಣಿಕಟ್ಟಿನ ಎಂಟು ಮೂಳೆಗಳು

ಫಿಸಿಯೋಥೆರಪಿ ಓದಲು ಸೇರಿದ ಮೊದಲ ವರ್ಷ, ಅನಾಟಮಿಯ ಮೊದಲ ಟೆಸ್ಟಿನಲ್ಲಿ ನನಗೆ ಐವತ್ತಕ್ಕೆ ಹನ್ನೊಂದು ಬಂತು. ಉತ್ತರ ಪತ್ರಿಕೆಯನ್ನು ನಾಲ್ಕು ಮಡಿಕೆ ಮಡಚಿ, ಬ್ಯಾಗಿನೊಳಗೆ ಊಟದ ಡಬ್ಬಿಯ ಅಡಿಗೆ ತಳ್ಳಿ, ಕೀಲ್ಪಾಕಿನಿಂದ ಮೈಲಾಪೂರಿಗೆ ಬಸ್ಸು ಹತ್ತಿದೆ. ಅಳು ಬರಲಿಲ್ಲ. ಏನಾಯಿತೆಂದೇ ನನಗೆ ಅರ್ಥವಾಗಿರಲಿಲ್ಲ. ಓದದೆ ಹನ್ನೊಂದು ಬಂದಿದ್ದರೆ ನ್ಯಾಯ ಎನ್ನಬಹುದಿತ್ತು. ನಾನೋ ಮೂರು ವಾರ ಲೈಬ್ರರಿಯಲ್ಲಿ ಕುಳಿತು, ಪುಸ್ತಕದ ಸಾಲುಗಳ ಕೆಳಗೆ ಹಸಿರು ಪೆನ್ನಿನಲ್ಲಿ ಗೆರೆ ಎಳೆದೆಳೆದು ಓದಿದ್ದೆ. ಪರೀಕ್ಷೆಯ ಹಾಲಿನಲ್ಲಿ ಕಣ್ಣು ಮುಚ್ಚಿದರೆ ಆ ಹಸಿರು ಗೆರೆಗಳು ಚೆನ್ನಾಗಿಯೇ ಕಾಣುತ್ತಿದ್ದವು. ಗೆರೆಯ ಮೇಲಿನ ಅಕ್ಷರಗಳು ಮಾತ್ರ ಇರಲಿಲ್ಲ.

ನಾವು ಉಡುಪಿ ಕಡೆಯವರು. ಅಪ್ಪ ಮೀಸೆ ಮೂಡುವ ವಯಸ್ಸಿನಲ್ಲಿ ಮದ್ರಾಸಿಗೆ ಬಂದು ಹೋಟೆಲಿನಲ್ಲಿ ಲೋಟ ತೊಳೆದವರು, ಆಮೇಲೆ ಸಪ್ಲೈಯರ್ ಆದವರು. ನಾನು ಕಾಲೇಜು ಸೇರುವ ಹೊತ್ತಿಗೆ ಮೈಲಾಪೂರಿನ ಒಂದು ಸಸ್ಯಾಹಾರಿ ಹೋಟೆಲಿನ ಸೂಪರ್‌ವೈಸರ್ ಆಗಿದ್ದರು. ಅಮ್ಮ ಊರಿನಲ್ಲಿ ಏಳನೇ ಕ್ಲಾಸಿನವರೆಗೆ ಓದಿದವಳು. ಇಂಗ್ಲಿಷ್ ಬಾರದು. ತಮಿಳು ಮಾತಾಡುತ್ತಿದ್ದಳು, ಓದಲು ಬರುತ್ತಿರಲಿಲ್ಲ. ಹೋಟೆಲಿನ ಹಿಂದಿನ ಬೀದಿಯಲ್ಲಿ ಹಳೆಯ ಫ್ಲ್ಯಾಟೊಂದರ ಎರಡನೇ ಮಹಡಿ ನಮ್ಮ ಮನೆ. ಒಂದು ಕೋಣೆ, ಒಂದು ಅಡಿಗೆಮನೆ, ಬಟ್ಟೆ ಒಣಗಿಸುವಷ್ಟು ಅಗಲದ ಬಾಲ್ಕನಿ.

ಆ ಸಂಜೆ ಅಮ್ಮ ಡಬ್ಬಿ ತೊಳೆಯಲೆಂದು ಬ್ಯಾಗಿಗೆ ಕೈ ಹಾಕಿದಾಗ ಉತ್ತರ ಪತ್ರಿಕೆ ಸಿಕ್ಕಿತು. ಅವಳಿಗೆ ಅಂಕೆ ಓದಲು ಬರುತ್ತಿತ್ತಲ್ಲ.

"ಹನ್ನೊಂದಾ?"

"ಹೂಂ."

"ಎಷ್ಟಕ್ಕೆ?"

"ಐವತ್ತಕ್ಕೆ."

ಅವಳು ಸ್ವಲ್ಪ ಹೊತ್ತು ಪತ್ರಿಕೆಯನ್ನೇ ನೋಡಿದಳು. "ಅಕ್ಷರ ಎಲ್ಲ ಚೆಂದ ಉಂಟಲ್ಲ ಮಾರಾಯ್ತಿ, ಮತ್ತೆ ಎಂತದಕ್ಕೆ ಕೊಡ್ಲಿಲ್ಲ?" ಎಂದಳು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಮರುದಿನ ಕ್ಲಾಸಿನಲ್ಲಿ ನೋಡಿದರೆ ನಾನೊಬ್ಬಳೇ ಅಲ್ಲ. ನಲವತ್ತು ಜನರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಮುಖ ಕೆಳಗೆ ಹಾಕಿಕೊಂಡಿದ್ದರು. ಅನಾಟಮಿ ಕಲಿಸುತ್ತಿದ್ದ ಸರ್ ವಯಸ್ಸಾದವರು, ಶಿಸ್ತಿನವರು. ಏನೂ ಹೇಳದೆ ಪತ್ರಿಕೆ ಹಂಚಿ ಹೋಗಿದ್ದರು. ಅವರ ನಂತರದ ತರಗತಿ ಫಿಸಿಯಾಲಜಿ. ಅದನ್ನು ಕಲಿಸುತ್ತಿದ್ದ ಮೇಡಂ ಆ ವರ್ಷವೇ ಬಂದವರು. ಗಂಜಿ ಹಾಕಿದ ಕಾಟನ್ ಸೀರೆ ಉಟ್ಟು, ತಲೆಗೆ ಕನಕಾಂಬರ ಮುಡಿದು, ನಮಗೆ ಬೆನ್ನು ಹಾಕದೆ ಬೋರ್ಡಿನ ಮೇಲೆ ಬರೆಯುತ್ತಿದ್ದರು. ಆ ದಿನ ಅವರು ಪಾಠ ಮಾಡಲಿಲ್ಲ. "ಮುಂದಿನ ವಾರ ಎಲ್ಲರೂ ಒಂದು ಪುಟ ಬರೆದುಕೊಂಡು ಬನ್ನಿ. ನಾನು ಹೇಗೆ ಕಲಿಯುತ್ತೇನೆ, ಅಷ್ಟೇ. ಮಾರ್ಕು ಇಲ್ಲ," ಎಂದರು.

ಮಾರ್ಕಿಲ್ಲದ ಹೋಂವರ್ಕನ್ನು ನಾವು ಅದುವರೆಗೆ ಕಂಡಿರಲಿಲ್ಲ. ಕ್ಯಾಂಟೀನಿನಲ್ಲಿ ಕುಳಿತು ಒಬ್ಬಳು ಬರೆದದ್ದನ್ನು ಇನ್ನೊಬ್ಬಳು ನೋಡಿ ಬರೆದೆವು. ಬೆಳಗ್ಗೆ ಬೇಗ ಏಳುತ್ತೇನೆ, ಕಷ್ಟಪಟ್ಟು ಓದುತ್ತೇನೆ, ತಂದೆತಾಯಿಗೆ ಒಳ್ಳೆಯ ಹೆಸರು ತರುತ್ತೇನೆ. ಮೇಡಂ ನಲವತ್ತು ಪುಟಗಳನ್ನೂ ವಾಪಸು ಕೊಟ್ಟರು. ಎಲ್ಲದರ ಕೆಳಗೂ ಕೆಂಪು ಶಾಯಿಯಲ್ಲಿ ಒಂದೇ ವಾಕ್ಯ: ಇದು ನೀನಲ್ಲ.

"ನಲವತ್ತು ಜನ ಒಂದೇ ಥರ ಕಲಿಯುವುದಾದರೆ ನಲವತ್ತು ಜನಕ್ಕೂ ಒಂದೇ ಮಾರ್ಕು ಬರಬೇಕಿತ್ತಲ್ಲವಾ?" ಎಂದು ಕೇಳಿ, ಒಂದು ವಾರದ ಹೊಸ ಕೆಲಸ ಕೊಟ್ಟರು. ಕಿಸೆಯಲ್ಲಿ ಹಿಡಿಯುವಷ್ಟು ಸಣ್ಣ ನೋಟ್‌ಬುಕ್ ಇಟ್ಟುಕೊಳ್ಳಬೇಕು. ದಿನದಲ್ಲಿ ಯಾವುದಾದರೂ ವಿಷಯ ಪ್ರಯತ್ನವಿಲ್ಲದೆ ತಲೆಗೆ ಹೋದರೆ, ಅದು ಏನು, ಆಗ ಏನು ಮಾಡುತ್ತಿದ್ದೆ ಎಂದು ಬರೆಯಬೇಕು. ಪಾಠವೇ ಆಗಬೇಕೆಂದಿಲ್ಲ.

ಆ ವಾರ ನನ್ನನ್ನು ನಾನೇ ಹಿಂಬಾಲಿಸಿಕೊಂಡು ಹೋದ ಹಾಗಿತ್ತು. ಬಸ್ಸಿನಲ್ಲಿ ಹಿಂದಿನ ಸೀಟಿನ ಇಬ್ಬರು ಹೆಂಗಸರು ಮಾತಾಡಿಕೊಂಡ ನಾದಿನಿಯ ಮದುವೆಯ ವಿವರ ಪೂರ್ತಿ ನೆನಪಿತ್ತು. ಅದೇ ಬಸ್ಸಿನಲ್ಲಿ ನಾನು ತೆರೆದಿಟ್ಟುಕೊಂಡಿದ್ದ ಪುಟ ನೆನಪಿರಲಿಲ್ಲ. ಒಂದು ಸಂಜೆ ಅಪ್ಪನಿಗೆ ಕನ್ನಡಕ ಕೊಡಲು ಹೋಟೆಲಿಗೆ ಹೋದೆ. ಸಪ್ಲೈಯರುಗಳು ಅಡಿಗೆಮನೆಯ ಕಿಟಕಿಯಲ್ಲಿ ನಿಂತು ತಮಿಳಿನ ಲೆಕ್ಕದಲ್ಲಿ ದೋಸೆ, ವಡೆ ಕೂಗುತ್ತಿದ್ದರು: ಸಾದಾ ರೆಂಡು, ರವಾ ಒಣ್ಣು, ವಡೆ ಸಾಂಬಾರ್ ಮೂಣು. ಐದು ನಿಮಿಷ ನಿಂತು ಮನೆಗೆ ಬಂದ ಮೇಲೂ ಯಾವ ಟೇಬಲ್ಲಿಗೆ ಏನು ಹೋಯಿತೆಂದು ನನಗೆ ಹೇಳಲು ಬರುತ್ತಿತ್ತು. ಅಪ್ಪನನ್ನು ಕೇಳಿದೆ, ಸಪ್ಲೈಯರ್ ಆಗಿದ್ದಾಗ ಅಷ್ಟು ಟೇಬಲ್ಲುಗಳ ಆರ್ಡರನ್ನು ಬರೆದುಕೊಳ್ಳದೆ ಹೇಗೆ ನೆನಪಿಡುತ್ತಿದ್ದಿರಿ ಎಂದು.

ಅಪ್ಪ ಯೋಚನೆ ಮಾಡಿದರು. "ಬರ್ಕೊಂಡ್ರೆ ಮರ್ತು ಹೋಗ್ತದೆ ಮಗಾ. ಗಿರಾಕಿ ಹೇಳಿದ ದನಿ ಉಂಟಲ್ಲ, ಅದು ಕಿವಿಯಲ್ಲಿ ಇರ್ತದೆ."

ಅಷ್ಟು ಸಾಕಾಯಿತು. ಹಳೆಯದೆಲ್ಲ ಒಂದೊಂದಾಗಿ ನೆನಪಾಯಿತು. ಶಾಲೆಯ ದಿನಗಳಲ್ಲಿ ಅಮ್ಮ ಸಂಜೆ ಅಕ್ಕಿ ಆರಿಸುತ್ತ, "ಇವತ್ತು ಎಂತ ಹೇಳಿಕೊಟ್ರು, ನಂಗೂ ಹೇಳು," ಎನ್ನುತ್ತಿದ್ದಳು. ನಾನು ಹೇಳುತ್ತಿದ್ದೆ. ಪ್ಲಸ್ ಟೂನಲ್ಲಿ ಟ್ಯೂಷನ್ ಮಾಸ್ತರು ಇಡೀ ಗುಂಪಿನಿಂದ ಗಟ್ಟಿಯಾಗಿ ಹೇಳಿಸುತ್ತಿದ್ದರು. ಬಾಯಿ ಮುಚ್ಚಿಕೊಂಡು ಓದಿದ್ದು ಜೀವನದಲ್ಲಿ ಇದೇ ಮೊದಲು, ಈ ಕಾಲೇಜಿನ ಲೈಬ್ರರಿಯಲ್ಲಿ. ಅಲ್ಲಿ ಕೆಮ್ಮಿದರೂ ಒಬ್ಬರು ಎದ್ದು ಬರುತ್ತಿದ್ದರು.

ನನ್ನ ಹತ್ತಿರ ಒಂದು ಮೊಬೈಲ್ ಇತ್ತು. ಹಿಂದಿನ ಮಳೆಗಾಲದಲ್ಲಿ ಒಮ್ಮೆ ರಸ್ತೆಯೆಲ್ಲ ನೀರು ತುಂಬಿ ಬಸ್ಸು ನಿಂತು, ನಾನು ಮನೆಗೆ ಬಂದಾಗ ಹೊತ್ತು ಮೀರಿತ್ತು. ಮರುದಿನವೇ ಅಪ್ಪ ತಂದುಕೊಟ್ಟದ್ದು. ಅದರಲ್ಲಿ ದನಿ ಹಿಡಿಯುವ ಸೌಲಭ್ಯವಿತ್ತು, ಆದರೆ ಸರಿಯಾಗಿ ಒಂದು ನಿಮಿಷಕ್ಕೆ ಅದೇ ನಿಂತುಬಿಡುತ್ತಿತ್ತು. ಹದಿನೈದಿಪ್ಪತ್ತು ತುಂಡು ಸೇರಿದರೆ ಜಾಗ ಮುಗಿಯುತ್ತಿತ್ತು. ಹೊಸದನ್ನು ಹಿಡಿಯಬೇಕಾದರೆ ಹಳೆಯದನ್ನು ಅಳಿಸಬೇಕು.

ನಾನು ಬಾಲ್ಕನಿಯಲ್ಲಿ ನಿಂತು ಪಠ್ಯಪುಸ್ತಕವನ್ನು ಇಂಗ್ಲಿಷಿನಲ್ಲಿ ಗಂಭೀರವಾಗಿ ಓದಿ ತುಂಬಿಸಿದೆ. ಮರುದಿನ ಬಸ್ಸಿನಲ್ಲಿ ಕಿವಿಗೆ ಹಾಕಿಕೊಂಡು ಕೇಳಿದೆ. ಎರಡನೇ ತುಂಡಿಗೆ ನಿದ್ದೆ ಬಂತು. ಇಳಿಯುವ ಸ್ಟಾಪು ದಾಟಿ ಎರಡು ಸ್ಟಾಪು ಮುಂದೆ ಎಚ್ಚರವಾಯಿತು.

ಎರಡನೇ ಸಲ ಬಾಲ್ಕನಿಯಲ್ಲಿ ನಿಂತಾಗ ಅಮ್ಮ ಒಗೆದ ಬಟ್ಟೆಯ ಬಕೆಟ್ ಹಿಡಿದು ಬಂದಳು.

"ಯಾರ ಹತ್ರ ಮಾತಾಡ್ತಾ ಇದ್ದಿ?"

"ಯಾರ ಹತ್ರಾನೂ ಇಲ್ಲ. ಪಾಠ ರೆಕಾರ್ಡ್ ಪಣ್ಣಿಕೊಂಡು ಇದ್ದೇನೆ," ಎಂದೆ. ನನ್ನ ಕನ್ನಡ ಆಗ ಹಾಗೆಯೇ ಇತ್ತು, ತಮಿಳಿನ ಕ್ರಿಯಾಪದಕ್ಕೆ ಕನ್ನಡದ ಬಾಲ.

"ಗೋಡೆಗೆ ಎಂತಕ್ಕೆ ಹೇಳ್ತೀ? ನಂಗೆ ಹೇಳು. ಬಟ್ಟೆ ಹಿಂಡುವವರೆಗೆ ಕೇಳ್ತೇನೆ."

ಅಂದು ಪಾಠ ಮಣಿಕಟ್ಟಿನದು. ಅಂಗೈ ಮತ್ತು ಮುಂಗೈ ಸೇರುವ ಜಾಗದಲ್ಲಿ ಎಂಟು ಪುಟ್ಟ ಮೂಳೆಗಳಿವೆ. ಎರಡು ಸಾಲು, ಸಾಲಿಗೆ ನಾಲ್ಕು. ಎಂಟಕ್ಕೂ ಬಾಯಲ್ಲಿ ತಿರುಗದ ಹೆಸರು. ಅನಾಟಮಿ ಓದುವವರಿಗೆಲ್ಲ ಅದೊಂದು ದೊಡ್ಡ ಉಪದ್ರವ. ನಾನು ಗುಂಡಿ ಒತ್ತಿ ಹೆಸರು ಹೇಳಲು ಶುರುಮಾಡಿದೆ: ಸ್ಕೇಫಾಯ್ಡ್, ಲೂನೇಟ್.

"ಹಾಗಂದ್ರೆ ಎಂತ?" ಎಂದಳು ಅಮ್ಮ.

ನಾನು ಪುಸ್ತಕದ ಅಡಿಟಿಪ್ಪಣಿ ನೋಡಿದೆ. ಎಲ್ಲವೂ ಗ್ರೀಕ್, ಲ್ಯಾಟಿನ್ ಭಾಷೆಗಳ ಸಾಮಾನ್ಯ ಮಾತುಗಳೇ. ಮೊದಲನೆಯದೆಂದರೆ ದೋಣಿ, ಎರಡನೆಯದು ಚಂದ್ರ, ಮೂರನೆಯದು ಮೂರು ಮೂಲೆಯದ್ದು, ನಾಲ್ಕನೆಯದು ಬಟಾಣಿ. ಎರಡನೇ ಸಾಲಿನಲ್ಲಿ ಎರಡು ಮೇಜು, ಒಂದು ತಲೆ, ಒಂದು ಕೊಕ್ಕೆ.

ಅಮ್ಮ ಅಪ್ಪನ ಪಂಚೆಯನ್ನು ಹಿಂಡುತ್ತ ನಕ್ಕಳು. "ಇದಾ? ಇದಕ್ಕೆ ಇಷ್ಟು ಕಷ್ಟ ಬರುವುದಾ? ಕೇಳು. ದೋಣಿಯಲ್ಲಿ ಚಂದ್ರ ಕೂತ. ಹೊಳೆ ದಾಟಿ ಮೂರು ಮೂಲೆಯ ಅಂಗಡಿಗೆ ಬಟಾಣಿ ತರ್ಲಿಕ್ಕೆ ಹೋದ. ಅಂಗಡಿಯಲ್ಲಿ ಎಂತ ಉಂಟು? ಒಂದು ದೊಡ್ಡ ಮೇಜು, ಒಂದು ಸಣ್ಣ ಮೇಜು. ಮೇಜಿನ ಹಿಂದೆ ದೊಡ್ಡ ತಲೆಯ ಧಣಿ ಕೂತಿದ್ದಾನೆ. ಅವನ ಅಂಗಿ ಕೊಕ್ಕೆಗೆ ನೇತಾಡ್ತಾ ಉಂಟು. ಸೆಕೆ ಅಲ್ವಾ, ಮದ್ರಾಸು!"

ಫೋನು ಟಕ್ಕೆಂದಿತು. ಒಂದು ನಿಮಿಷವಾಗಿತ್ತು. ನಾನು ರೆಕಾರ್ಡಿಂಗ್ ನಿಲ್ಲಿಸಲು ಮರೆತಿದ್ದೆ. ಅಮ್ಮನ ದನಿ, ಪಂಚೆ ಕೊಡವಿದ ಸದ್ದು, ಕೆಳಗಿನ ಆಟೋದ ಹಾರ್ನು, ನನ್ನ ನಗು ಎಲ್ಲವೂ ಅದರಲ್ಲಿ ಸೇರಿಕೊಂಡಿದ್ದವು. ಅದನ್ನು ನಾನು ಎರಡನೇ ಸಲ ಕೇಳಬೇಕಾಗಿಯೇ ಬರಲಿಲ್ಲ. ಆದರೂ ಕೇಳಿದೆ, ಖುಷಿಗೆ.

ಆಮೇಲೆ ಅದೇ ರೂಢಿಯಾಯಿತು. ಸಂಜೆ ಅಮ್ಮ ತರಕಾರಿ ಹೆಚ್ಚುವಾಗಲೋ ದೋಸೆಗೆ ರುಬ್ಬುವಾಗಲೋ ನಾನು ಎದುರು ಕುಳಿತು ಪಾಠ ಹೇಳುತ್ತಿದ್ದೆ. ಅವಳು ಅಡ್ಡಡ್ಡ ಪ್ರಶ್ನೆ ಹಾಕುತ್ತಿದ್ದಳು. ತೋಳಿನ ಬೈಸೆಪ್ಸ್ ಮಾಂಸಖಂಡಕ್ಕೆ ಎರಡು ತಲೆ ಎಂದರೆ, "ಎರಡು ಎಂತಕ್ಕೆ? ಒಂದು ತಲೆ ಸಾಲ್ದಾ?" ಎಂದು ಕೇಳುವಳು. ಉತ್ತರ ಗೊತ್ತಿರದಿದ್ದರೆ ನಾನು ಪುಸ್ತಕ ತೆರೆಯಲೇಬೇಕು. ಪ್ರತಿ ಉತ್ತರವೂ ಒಂದು ನಿಮಿಷದೊಳಗೆ ಮುಗಿಯಬೇಕು. ಹೀಗಾಗಿ ಯಾವುದು ಮುಖ್ಯ, ಯಾವುದು ಬೇಡ ಎಂದು ಮೊದಲೇ ಯೋಚಿಸುತ್ತಿದ್ದೆ. ಅಳಿಸುವ ಮುಂಚೆ ಒಂದು ಸಲ ನೋಡದೆ ಹೇಳಿಕೊಳ್ಳುತ್ತಿದ್ದೆ. ಹೇಳಲು ಬಂದರೆ ಮಾತ್ರ ಅಳಿಸುವುದು. ದೋಣಿ, ಚಂದ್ರನ ಆ ಮೊದಲ ತುಂಡನ್ನು ಮಾತ್ರ ಅಳಿಸಲಿಲ್ಲ.

ತಿಂಗಳೆರಡು ಕಳೆಯುವಷ್ಟರಲ್ಲಿ ಅಮ್ಮ ಹೋಟೆಲಿನ ಭಟ್ಟರಿಗೆ, "ನಿಮ್ಮ ಭುಜ ನೋವು ಆ ಮೇಲಿನ ಕಪಾಟಿಗೆ ಕೈ ಹಾಕಿ ಹಾಕಿ ಬಂದದ್ದು, ಒಳಗೆ ನಾಲ್ಕು ಸ್ನಾಯು ಉಂಟು," ಎಂದು ಹೇಳುವಷ್ಟು ಮುಂದುವರಿದಳು. ಭಟ್ಟರು ಕಪಾಟನ್ನು ಕೆಳಗಿಳಿಸಿಕೊಂಡರು. ನೋವು ಕಡಿಮೆಯೂ ಆಯಿತಂತೆ.

ಕ್ಲಾಸಿನಲ್ಲಿ ನನಗೆ ಇಬ್ಬರು ಗೆಳತಿಯರಿದ್ದರು. ಒಬ್ಬಳು ಪೋರೂರಿನವಳು. ಅವಳಿಗೆ ಕಣ್ಣಿಗೆ ಕಾಣಬೇಕು. ಸ್ಕೆಚ್ ಪೆನ್ನಿನಲ್ಲಿ ತನ್ನ ಎಡಗೈಯ ಮೇಲೆಯೇ ನರ ನಾಡಿ ಬರೆದುಕೊಂಡು, ಕ್ಯಾಮೆರಾ ಇದ್ದ ತನ್ನ ಫೋನಿನಲ್ಲಿ ಫೋಟೋ ತೆಗೆದುಕೊಳ್ಳುತ್ತಿದ್ದಳು. ಚಿತ್ರ ಮಸುಕಾಗಿ ಬರುತ್ತಿತ್ತು, ಆದರೆ ಬರೆದವಳಿಗೆ ಅಷ್ಟು ಸಾಕು. ಸ್ನಾನ ಮಾಡಿದರೂ ಬಣ್ಣ ಹೋಗದೆ, ಅವಳ ಅಮ್ಮ "ಮಗಳು ಓದುವುದು ಫಿಸಿಯೋನಾ, ಸೀರೆಗೆ ಪೇಂಟ್ ಮಾಡುವುದಾ?" ಎಂದು ಕೇಳುತ್ತಿದ್ದರಂತೆ.

ಇನ್ನೊಬ್ಬಳು ಹಾಸ್ಟೆಲಿನವಳು. ಕಾಂಚೀಪುರದ ಹತ್ತಿರ ಅವಳ ಮನೆಯಲ್ಲಿ ಮಗ್ಗವಿತ್ತು. ಹನ್ನೆರಡನೆಯವರೆಗೆ ತಮಿಳು ಮಾಧ್ಯಮ. ಇಂಗ್ಲಿಷ್ ಪುಸ್ತಕ ನೋಡಿದರೆ ಅವಳ ಮುಖ ಬಾಡುತ್ತಿತ್ತು. ಅವಳ ಫೋನಿನಲ್ಲಿ ಮೆಸೇಜು ಬಿಟ್ಟರೆ ಬೇರೇನೂ ಇರಲಿಲ್ಲ. ಅವಳು ಕಂಡುಕೊಂಡ ದಾರಿಯೆಂದರೆ ಪ್ರಶ್ನೆ ಮಾಡುವುದು. ಬೆಳಗ್ಗೆ ಆರಕ್ಕೆ ಸರಿಯಾಗಿ ನಮ್ಮಿಬ್ಬರಿಗೂ ಇಂಗ್ಲಿಷ್ ಅಕ್ಷರದ ತಮಿಳಿನಲ್ಲಿ ಒಂದು ಪ್ರಶ್ನೆ ಬರುತ್ತಿತ್ತು. ಉತ್ತರ ಗೊತ್ತಿದ್ದರೆ ಒಂದು ರಿಂಗು ಕೊಟ್ಟು ಕಟ್ ಮಾಡಬೇಕು, ಗೊತ್ತಿಲ್ಲದಿದ್ದರೆ ಎರಡು ರಿಂಗು. ಬೆಳಗಿನ ಕಾಫಿ ಕುಡಿಯುತ್ತಿದ್ದ ಅಪ್ಪ ನಾನು ಎರಡನೇ ರಿಂಗಿಗೆ ಕಾಯುವುದನ್ನು ಕಂಡರೆ, "ಇವತ್ತು ಗೊತ್ತಾಗ್ಲಿಲ್ಲ ಕಾಣ್ತದೆ," ಎನ್ನುತ್ತಿದ್ದರು.

ನನ್ನ ದನಿಯ ತುಂಡುಗಳನ್ನು ಪೋರೂರಿನವಳಿಗೆ ಕಳಿಸಲು ಇನ್‌ಫ್ರಾರೆಡ್ ಎಂಬುದೊಂದಿತ್ತು. ಎರಡು ಫೋನುಗಳನ್ನು ಮೂತಿಗೆ ಮೂತಿ ತಾಗಿಸಿ ಇಟ್ಟು ಉಸಿರು ಬಿಗಿಹಿಡಿದು ಕಾಯಬೇಕು. ಸ್ವಲ್ಪ ಅಲುಗಿದರೆ ಮೊದಲಿನಿಂದ. ಕ್ಯಾಂಟೀನಿನ ಮೇಜಿನ ಮೇಲೆ ಹಾಗೆ ಇಟ್ಟು ನಾವು ಮೂವರೂ ಬಗ್ಗಿ ನೋಡುತ್ತಿದ್ದರೆ, ಟೀ ತರುವ ಅಣ್ಣ ದೂರದಲ್ಲೇ ನಿಂತು, "ಆಡಾದೇ, ಆಡಾದೇ," ಅಲುಗಬೇಡಿ ಎಂದು ನಮಗಿಂತ ಹೆಚ್ಚು ಆತಂಕ ಪಡುತ್ತಿದ್ದ.

ನಮಗೆ ನಾವೇ ಹೆಸರಿಟ್ಟುಕೊಂಡೆವು. ನಾನು ಕಿವಿ, ಪೋರೂರಿನವಳು ಕಣ್ಣು, ಹಾಸ್ಟೆಲಿನವಳು ಬಾಯಿ. ಎರಡನೇ ಟೆಸ್ಟಿನಲ್ಲಿ ನನಗೆ ಮೂವತ್ತೆರಡು ಬಂತು. ಅಮ್ಮ ಅಂಕೆ ನೋಡಿ, "ನಮಗೆ ಮೂವತ್ತೆರಡು," ಎಂದು ಅಪ್ಪನಿಗೆ ಹೇಳಿದಳು.

ಕಾಲೇಜಿನೊಳಗೆ ಮೊಬೈಲ್ ತರಬಾರದೆಂಬ ನಿಯಮವಿತ್ತು. ಎಲ್ಲರೂ ತರುತ್ತಿದ್ದರು, ಎಲ್ಲರೂ ಬಚ್ಚಿಡುತ್ತಿದ್ದರು. ಒಂದು ಮಧ್ಯಾಹ್ನ ಮೂಳೆಗಳ ಕೋಣೆಯಲ್ಲಿ, ಗಾಜಿನ ಕಪಾಟುಗಳ ನಡುವೆ ಕುಳಿತು, ದುಪಟ್ಟಾದಡಿ ಇಯರ್‌ಫೋನಿನ ತಂತಿ ಎಳೆದುಕೊಂಡು ನಾನು ಕೇಳುತ್ತಿದ್ದೆ. ಎದುರಿಗೆ ನೆರಳು ಬಿತ್ತು. ಅನಾಟಮಿ ಸರ್.

ಅವರು ಕೈ ಚಾಚಿದರು. ಫೋನು ಕೊಟ್ಟೆ. ಹತ್ತು ನಿಮಿಷಕ್ಕೆ ತರಗತಿ ಶುರುವಾಯಿತು. ಸರ್ ಫೋನನ್ನು ಮೇಜಿನ ಮೇಲಿಟ್ಟು ಎಲ್ಲರಿಗೂ ಕೇಳುವಂತೆ ಹೇಳಿದರು: "ಪಾಠಕ್ಕಿಂತ ಮುಖ್ಯವಾದದ್ದು ಇದರಲ್ಲಿ ಏನಿದೆ, ಎಲ್ಲರೂ ಕೇಳೋಣ. ಎನ್ನಮ್ಮಾ, ಪಾಟ್ಟಾ?" ಹಾಡೋ ಎಂದು ಅವರ ಪ್ರಶ್ನೆ.

ಉತ್ತರಕ್ಕೆ ಕಾಯದೆ ಅವರು ಗುಂಡಿ ಒತ್ತಿದರು, ನಾನು ನಿಲ್ಲಿಸಿದ್ದಲ್ಲಿಂದಲೇ ದನಿ ಬಂತು.

"ಇದಾ? ಇದಕ್ಕೆ ಇಷ್ಟು ಕಷ್ಟ ಬರುವುದಾ? ಕೇಳು. ದೋಣಿಯಲ್ಲಿ ಚಂದ್ರ ಕೂತ..."

ಅಮ್ಮನ ದನಿ. ನಲವತ್ತು ಜನರ ಕ್ಲಾಸಿನಲ್ಲಿ, ಪಂಚೆ ಕೊಡವುವ ಸದ್ದಿನ ಜೊತೆಗೆ. ನಾನು ಬೆಂಚಿನಡಿಗೆ ಹೋಗಿಬಿಡಬೇಕೆಂದುಕೊಂಡೆ. ಕ್ಲಾಸು ಕಿಸಿಕಿಸಿ ನಗತೊಡಗಿತು. ಯಾರಿಗೂ ಭಾಷೆ ಗೊತ್ತಿಲ್ಲ, ಆದರೂ ಅಮ್ಮ ಹೇಳುವ ಧಾಟಿಗೇ ನಗು ಬರುತ್ತಿತ್ತು. ತುಂಡು ಮುಗಿಯಿತು.

"ಇದು ಕನ್ನಡವಾ?"

"ಹೌದು ಸರ್."

"ಏನು ಹೇಳುತ್ತಿದ್ದಾರೆ? ತಮಿಳಿನಲ್ಲಿ ಹೇಳು."

ನಾನು ಎದ್ದು ನಿಂತು ಹೇಳಿದೆ. ದೋಣಿ, ಚಂದ್ರ, ಮೂರು ಮೂಲೆಯ ಅಂಗಡಿ, ಬಟಾಣಿ. ದೊಡ್ಡ ಮೇಜು, ಸಣ್ಣ ಮೇಜು, ದೊಡ್ಡ ತಲೆ, ಕೊಕ್ಕೆ. ಬಟಾಣಿ ಎನ್ನುವಷ್ಟರಲ್ಲಿ ಸರ್ ಕನ್ನಡಕ ತೆಗೆದರು. ಕೊಕ್ಕೆಗೆ ಬಂದಾಗ ಅವರು ತಮ್ಮ ಮಣಿಕಟ್ಟನ್ನೇ ನೋಡಿಕೊಳ್ಳುತ್ತಿದ್ದರು.

"ವರಿಸೆ ಸರಿಯಾಗಿದೆ," ಎಂದರು. ಸಾಲು ತಪ್ಪಿಲ್ಲ ಎಂದು. "ಯಾರಮ್ಮಾ ಈ ಪ್ರೊಫೆಸರ್?"

"ಅಮ್ಮ, ಸರ್."

"ಎಲ್ಲಿ ಪಾಠ ಮಾಡುತ್ತಾರೆ?"

"ಮನೆಯಲ್ಲಿ ಸರ್. ಬಟ್ಟೆ ಒಣಗಿಸುವಾಗ."

ಕ್ಲಾಸು ಗೊಳ್ಳೆಂದಿತು. ಸರ್ ಕೂಡ ನಕ್ಕರು. ಅವರಿಗೆ ನಗಲು ಬರುತ್ತದೆಂದು ಅಂದೇ ನಮಗೆ ಗೊತ್ತಾದದ್ದು. ಆಮೇಲೆ ಅವರು ಹಿಂದಿನ ಬೆಂಚಿನಿಂದ ಒಬ್ಬೊಬ್ಬರನ್ನೇ ಎಬ್ಬಿಸಿ ಎಂಟು ಮೂಳೆಗಳ ಹೆಸರು ಕೇಳಿದರು. ಮೊದಲ ಟೆಸ್ಟಿನಲ್ಲಿ ಮೂರಕ್ಕಿಂತ ಹೆಚ್ಚು ಬರೆಯದವರೆಲ್ಲ ಎಂಟನ್ನೂ ಹೇಳಿದರು, ದೋಣಿಯಿಂದ ಕೊಕ್ಕೆಯವರೆಗೆ. ನನ್ನ ಫೋನು ವಾಪಸು ಕೊಡುತ್ತ ಸರ್ ಮೆಲ್ಲಗೆ, "ನಿಯಮ ನಿಯಮವೇ. ಕ್ಲಾಸಿನಲ್ಲಿ ಮತ್ತೆ ಕಂಡರೆ ಕೊಡುವುದಿಲ್ಲ," ಎಂದರು. ಎರಡು ಹೆಜ್ಜೆ ಹೋಗಿ ತಿರುಗಿ, "ಟ್ರೈಸೆಪ್ಸಿಗೆ ಮೂರು ತಲೆ. ಅದಕ್ಕೆ ಅಮ್ಮ ಏನು ಹೇಳುತ್ತಾರೆ ಕೇಳಿಕೊಂಡು ಬಾ," ಎಂದರು.

ಆ ವಾರ ಅವರು, ಮೇಡಂ ಇಬ್ಬರೂ ಪ್ರಿನ್ಸಿಪಾಲರ ಕೋಣೆಗೆ ಹೋಗಿ ಬಂದರು. ಶನಿವಾರ ಮಧ್ಯಾಹ್ನ ಎರಡು ಗಂಟೆ ಕಾಲ ಮೂಳೆಗಳ ಕೋಣೆಯಲ್ಲಿ ಮಾತ್ರ ಮೊಬೈಲಿಗೆ ಅನುಮತಿ ಸಿಕ್ಕಿತು. ಮೊದಲ ಶನಿವಾರ ಹನ್ನೆರಡು ಜನ ಬಂದರು, ಮೂರನೆಯ ಶನಿವಾರ ಕುಳಿತುಕೊಳ್ಳಲು ಜಾಗವಿರಲಿಲ್ಲ. ಒಬ್ಬ ಹುಡುಗ ಕಾಲಿನ ಮೂಳೆಗಳನ್ನು ಬಸ್ಸಿನ ಸ್ಟಾಪುಗಳಂತೆ ಕಂಡಕ್ಟರನ ದನಿಯಲ್ಲಿ ಹೇಳಿ ರೆಕಾರ್ಡ್ ಮಾಡಿದ. ಸೊಂಟದ ಸ್ಟಾಪಿನಲ್ಲಿ ಹತ್ತಿ ಪಾದದಲ್ಲಿ ಇಳಿಯಬೇಕು. ಎಲ್ಲರ ಫೋನುಗಳೂ ಮೂತಿಗೆ ಮೂತಿ ತಾಗಿಸಿಕೊಂಡು ಕುಳಿತಿದ್ದವು.

ನನ್ನ ಸಂಭ್ರಮ ಹೆಚ್ಚು ದಿನ ನಿಲ್ಲಲಿಲ್ಲ. ಸರ್ ಒಂದು ಬಟ್ಟೆಯ ಚೀಲ ತಂದರು. ಅದರೊಳಗೆ ಮೂಳೆ. ನೋಡುವಂತಿಲ್ಲ, ಕೈ ಹಾಕಿ ಮುಟ್ಟಿ ಯಾವ ಮೂಳೆ, ಎಡಗಡೆಯದೋ ಬಲಗಡೆಯದೋ ಹೇಳಬೇಕು. ನನ್ನ ಸರದಿ ಬಂದಾಗ ಕೈಗೆ ಸಿಕ್ಕಿದ್ದು ಏನೆಂದೇ ತಿಳಿಯಲಿಲ್ಲ. ತೋಳಿನ ಮೂಳೆಯನ್ನು ಕಾಲಿನದೆಂದೆ. ಮೂರು ಸಲವೂ ತಪ್ಪು. ನನ್ನ ಕಿವಿಯಿಂದ ಅಲ್ಲಿ ನಾಲ್ಕಾಣೆ ಪ್ರಯೋಜನವಾಗಲಿಲ್ಲ.

ಮೇಡಂ ಹತ್ತಿರ ಹೋಗಿ ಹೇಳಿಕೊಂಡೆ. "ನಾನು ಕೇಳಿ ಕಲಿಯುವವಳು ಮೇಡಂ, ನನಗೆ ಮುಟ್ಟಿ ಗೊತ್ತಾಗುವುದಿಲ್ಲ."

"ಹಾಗಂತ ಯಾರು ಹೇಳಿದರು?"

"ನಾನೇ ಬರೆದುಕೊಟ್ಟಿದ್ದೆನಲ್ಲ, ನೋಟ್‌ಬುಕ್ಕಿನಲ್ಲಿ."

"ನೀನು ಬರೆದದ್ದು ಎಲ್ಲಿಂದ ಶುರುಮಾಡಬೇಕೆಂದು. ಎಲ್ಲಿ ನಿಲ್ಲಬೇಕೆಂದಲ್ಲ," ಎಂದರು ಮೇಡಂ. "ನಾಳೆ ನಿನ್ನ ಹತ್ತಿರ ಬರುವ ಪೇಷಂಟಿನ ಮಂಡಿ ಮಾತಾಡುತ್ತದಾ, ನೀನು ಕೇಳಿಸಿಕೊಳ್ಳಲು? ಹೋಗು, ಕೈಗೂ ಪಾಠ ಹೇಳು."

ಕೈಗೆ ಪಾಠ ಹೇಳಿದವಳು ಹಾಸ್ಟೆಲಿನ ಗೆಳತಿ. ನಾವು ಅವಳಿಗೆ ಬಾಯಿ ಎಂದು ಹೆಸರಿಟ್ಟದ್ದೇ ತಪ್ಪಾಗಿತ್ತು. ಚೀಲದ ಪರೀಕ್ಷೆಯಲ್ಲಿ ಇಡೀ ಕ್ಲಾಸಿನಲ್ಲಿ ಒಂದೂ ತಪ್ಪು ಮಾಡದವಳು ಅವಳೊಬ್ಬಳೇ. ಚಿಕ್ಕಂದಿನಿಂದ ರೇಷ್ಮೆ ಎಳೆ ಕಡಿದರೆ ಬೆರಳಿನಿಂದಲೇ ಹುಡುಕಿ ಗಂಟು ಹಾಕಿದವಳು. ಅವಳ ಬೆರಳಿಗೆ ಕಣ್ಣಿತ್ತು. ಶನಿವಾರಗಳಲ್ಲಿ ಅವಳು ನನ್ನ ಕಣ್ಣಿಗೆ ದುಪಟ್ಟಾ ಕಟ್ಟಿ ಕೈಗೆ ಮೂಳೆ ಕೊಡುತ್ತಿದ್ದಳು.

"ಅವಸರ ಪಡಬೇಡ ಡೀ. ಮೊದಲು ದಪ್ಪ ತುದಿ ಎಲ್ಲಿದೆ ನೋಡು. ಈಗ ಹೆಬ್ಬೆರಳು ಜಾರಿಸು. ಗುಳಿ ಸಿಕ್ಕಿತಾ? ಸಿಕ್ಕಿದ್ದನ್ನು ಬಾಯಿ ಬಿಟ್ಟು ಹೇಳು, ನಿನಗೆ ಹೇಳಿದರೆ ತಾನೇ ನೆನಪಿರುವುದು?"

ನಾನು ಮುಟ್ಟುತ್ತ ಹೇಳುತ್ತ ಹೋದೆ. ಬದಲಿಗೆ ನಾನು ಅವಳಿಗೆ ಇಂಗ್ಲಿಷ್ ಪುಸ್ತಕವನ್ನು ತಮಿಳಿನಲ್ಲಿ ಕಥೆ ಮಾಡಿ ಹೇಳುತ್ತಿದ್ದೆ. ಪೋರೂರಿನವಳು ಇಬ್ಬರ ಕೈಯ ಮೇಲೂ ಚಿತ್ರ ಬರೆಯುತ್ತಿದ್ದಳು. ಯಾರು ಕಿವಿ, ಯಾರು ಕಣ್ಣು ಎಂಬ ಲೆಕ್ಕ ಎಲ್ಲೋ ತಪ್ಪಿಹೋಯಿತು.

ವರ್ಷದ ಕೊನೆಗೆ ಬಂದ ಒಂದು ಶನಿವಾರ ಸರ್, ಅಮ್ಮನನ್ನು ಕರೆದುಕೊಂಡು ಬಾ ಎಂದರು. ಅಮ್ಮ ಮೊದಲು ಒಪ್ಪಲಿಲ್ಲ. "ಅಲ್ಲಿ ಎಲ್ಲ ದೊಡ್ಡ ದೊಡ್ಡವರು ಇರ್ತಾರೆ, ನಾನು ಬಂದು ಎಂತ ಮಾಡುವುದು?" ಎಂದಳು. ಆಮೇಲೆ ನೀಲಿ ಬಣ್ಣದ ಒಳ್ಳೆಯ ಸೀರೆ ಉಟ್ಟು ಹೊರಟಳು. ಬಸ್ಸಿನಲ್ಲಿ ಉದ್ದಕ್ಕೂ ಸೆರಗು ಸರಿಮಾಡಿಕೊಳ್ಳುತ್ತಲೇ ಇದ್ದಳು.

ಮೂಳೆಗಳ ಕೋಣೆಯ ಬಾಗಿಲಲ್ಲಿ ಅವಳು ನಿಂತುಬಿಟ್ಟಳು. "ಇದೆಲ್ಲ ನಿಜವಾದ ಮನುಷ್ಯರದ್ದಾ?" ಎಂದು ನನ್ನ ಕಿವಿಯಲ್ಲಿ ಕೇಳಿದಳು. ಹೌದೆಂದೆ. ನಾನು ಒಂದು ವರ್ಷದಿಂದ ಪ್ರತಿದಿನ ಆ ಕೋಣೆಗೆ ಹೋಗುತ್ತಿದ್ದೆ, ಹಾಗೆ ಯೋಚಿಸಿರಲೇ ಇಲ್ಲ. ಅಮ್ಮ ಚಪ್ಪಲಿ ಬಿಟ್ಟು ಒಳಗೆ ಬಂದು, ಕಪಾಟಿನ ಎದುರು ನಿಂತು ಎರಡೂ ಕೈ ಜೋಡಿಸಿದಳು. "ಯಾರೋ ಏನೋ ಪುಣ್ಯಾತ್ಮರು. ಸತ್ತ ಮೇಲೂ ಮಕ್ಕಳಿಗೆ ಪಾಠ ಹೇಳ್ತಾ ಇದ್ದಾರೆ," ಎಂದಳು. ಸರ್ ತಾವೂ ಚಪ್ಪಲಿ ಬಿಟ್ಟು ಬಂದರು.

ಅವರು ತಂತಿಯಲ್ಲಿ ಪೋಣಿಸಿದ ಒಂದು ಕೈಯನ್ನು ತಂದು ಅಮ್ಮನ ಮುಂದೆ ಹಿಡಿದರು. "ನಿಮ್ಮ ಚಂದ್ರ ಎಲ್ಲಿದ್ದಾನೆ ತೋರಿಸಿ, ಅಮ್ಮಾ."

ಅಮ್ಮ ಒಂದು ಬೆರಳಿನಿಂದ ಮೆಲ್ಲಗೆ ಹುಡುಕಿದಳು. "ಹೆಬ್ಬೆರಳಿನ ಕಡೆಯಿಂದ ಅಲ್ಲವಾ? ಇದು ದೋಣಿ. ಹಾಗಾದ್ರೆ ಚಂದ್ರ ಇವನೇ." ಬಟಾಣಿಯನ್ನು ಮುಟ್ಟಿ ಅವಳಿಗೆ ನಗು ತಡೆಯಲಾಗಲಿಲ್ಲ. "ಸರಿಯಾಗಿ ಬಟಾಣಿಯೇ! ಬೇಯಿಸಿದ್ದಲ್ಲ, ನೆನೆಸಿದ್ದು!" ನಾನು ಅದನ್ನು ತಮಿಳಿಗೆ ಹೇಳಬೇಕಾಗಲಿಲ್ಲ. ಅವಳು ತಮಿಳಿನಲ್ಲೇ ಹೇಳಿಯಾಗಿತ್ತು. ಮುಂದಿನ ಅರ್ಧ ಗಂಟೆ ನಮ್ಮ ಕ್ಲಾಸಿನವರು ಅವಳ ಸುತ್ತ ಕುಳಿತು ಮೂಳೆ ತೋರಿಸಿ ಅರ್ಥ ಹೇಳುವುದು, ಅವಳು ಕಥೆ ಕಟ್ಟುವುದು. ಹದಿನೈದು ಫೋನುಗಳು ಅವಳ ಬಾಯಿಯ ಮುಂದೆ. "ಒಂದು ನಿಮಿಷ, ಒಂದು ನಿಮಿಷ," ಎಂದು ಎಲ್ಲರೂ ಎಚ್ಚರಿಸುತ್ತಿದ್ದರೆ, ಅವಳು ಒಂದು ನಿಮಿಷಕ್ಕೆ ಸರಿಯಾಗಿ ಕಥೆ ಮುಗಿಸುವುದನ್ನೂ ಕಲಿತಿದ್ದಳು.

ವಾಪಸು ಬರುವಾಗ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕುಳಿತು ಅಮ್ಮ ಹೇಳಿದಳು: "ಎಂಟನೇ ಕ್ಲಾಸಿಗೆ ಹೊಳೆ ದಾಟಿ ಹೋಗ್ಬೇಕಿತ್ತು. ಹೆಣ್ಣು ಹುಡುಗಿ, ದೋಣಿಯಲ್ಲಿ ದಿನಾ ಎಂತಕ್ಕೆ ಅಂತ ಬಿಡಿಸಿದ್ರು. ನಂಗೆ ಓದಿನಲ್ಲಿ ಭಾರೀ ಇಷ್ಟ ಇತ್ತು, ಗೊತ್ತುಂಟಾ?"

ನನಗೆ ಗೊತ್ತಿರಲಿಲ್ಲ. ಅಷ್ಟು ವರ್ಷ ಅವಳು ಅಕ್ಕಿ ಆರಿಸುತ್ತ ನನ್ನ ಪಾಠ ಕೇಳಿದ್ದು ನನಗಾಗಿ ಎಂದುಕೊಂಡಿದ್ದೆ. ಅವಳಿಗಾಗಿಯೂ ಇತ್ತು. ನಾನು ಅವಳ ಕೈ ಹಿಡಿದುಕೊಂಡೆ. ಅವಳು ಒಂದು ಸ್ಟಾಪಿನವರೆಗೆ ಹಿಡಿಸಿಕೊಂಡು, ಆಮೇಲೆ, "ಸೆಕೆ ಮಾರಾಯ್ತಿ, ಬಿಡು," ಎಂದಳು.

ಪರೀಕ್ಷೆಗೆ ಮುಂಚೆ ಮೇಡಂ ಅದೇ ಹಳೆಯ ಪುಟವನ್ನು ಮತ್ತೆ ಬರೆಸಿದರು, ನಾನು ಹೇಗೆ ಕಲಿಯುತ್ತೇನೆ ಎಂದು. ಈ ಸಲ ಒಂದು ಪುಟ ಸಾಲಲಿಲ್ಲ. ನಾನು ಬರೆದದ್ದರ ಸಾರ ಇಷ್ಟು: ಕಿವಿ ನನ್ನ ಬಾಗಿಲು, ನಿಜ. ಆದರೆ ಹೊರಗಿನಿಂದ ಯಾರಾದರೂ ಬಾಗಿಲು ತಟ್ಟಿ 'ಹಾಗಂದರೆ ಏನು' ಎಂದು ಕೇಳದಿದ್ದರೆ ಅದು ತೆರೆಯುವುದಿಲ್ಲ. ಫೋನು ಬರೀ ನನ್ನ ದನಿಯನ್ನು ಹಿಡಿದಾಗ ನಾನು ಮಲಗಿದೆ, ಅಮ್ಮನ ಪ್ರಶ್ನೆಯನ್ನೂ ಹಿಡಿದಾಗ ಎದ್ದು ಕುಳಿತೆ. ಮೇಡಂ ಕೆಂಪು ಶಾಯಿಯಲ್ಲಿ ಏನೂ ಬರೆಯದೆ, ಒಂದು ಸರಿ ಗುರುತು ಹಾಕಿ ಕೊಟ್ಟರು.

ಫಲಿತಾಂಶ ಬಂದ ದಿನ ನಾವು ಮೂವರೂ ಕೀಲ್ಪಾಕಿನ ಒಂದು ಬ್ರೌಸಿಂಗ್ ಸೆಂಟರಿನಲ್ಲಿ ಒಂದೇ ಕುರ್ಚಿಯ ಸುತ್ತ ನಿಂತಿದ್ದೆವು. ಪುಟ ಮೇಲಿನಿಂದ ಕೆಳಕ್ಕೆ ಗೆರೆ ಗೆರೆಯಾಗಿ ಇಳಿಯುತ್ತಿತ್ತು. ಮೊದಲು ಪೋರೂರಿನವಳದು. ಪಾಸು. ಆಮೇಲೆ ನನ್ನದು. ಪಾಸು, ಅನಾಟಮಿಯಲ್ಲಿ ಅರವತ್ತೊಂಬತ್ತು. ಕೊನೆಗೆ ಹಾಸ್ಟೆಲಿನವಳು ತನ್ನ ನಂಬರನ್ನು ಹೇಳಿ ಕಣ್ಣು ಮುಚ್ಚಿಕೊಂಡಳು. ಅನಾಟಮಿಯಲ್ಲಿ ಎಂಬತ್ತನಾಲ್ಕು. ಅದು ನಮ್ಮ ಕ್ಲಾಸಿಗೇ ಹೆಚ್ಚೆಂದು ಆಮೇಲೆ ತಿಳಿಯಿತು. ನಾವು ಓದಿ ಹೇಳಿದ್ದನ್ನು ಅವಳು ನಂಬಲಿಲ್ಲ. ಪರದೆಯ ಹತ್ತಿರ ಬಂದು ಗಾಜಿನ ಮೇಲಿನ ಆ ಎರಡು ಅಂಕೆಗಳನ್ನು ಬೆರಳಿನಿಂದ ಮುಟ್ಟಿ ನೋಡಿದಳು.

ಹೊರಗೆ ಬಂದು ಅವಳು ಊರಿಗೆ ಫೋನ್ ಮಾಡಿದಳು. ಮನೆಯಲ್ಲಿ ಫೋನಿರಲಿಲ್ಲ, ಪಕ್ಕದ ಅಂಗಡಿಗೆ. ಅಂಗಡಿಯವರು ಅವಳ ಅಮ್ಮನನ್ನು ಕರೆಯಲು ಹೋದರು. ನಾವು ಬೇವಿನ ಮರದ ಕೆಳಗೆ ನಿಂತು ಕಾದೆವು. ಫೋನಿನಲ್ಲಿ ಮಗ್ಗದ ಸದ್ದು ಕೇಳುತ್ತಿದೆ ಎಂದು ಅವಳು ನಮ್ಮಿಬ್ಬರ ಕಿವಿಗೂ ಒಂದೊಂದು ಸಲ ಇಟ್ಟು ತೋರಿಸಿದಳು. ಆಮೇಲೆ ಮಗ್ಗ ನಿಂತಿತು. ಯಾರೋ ಓಡಿ ಬಂದ ಹೆಜ್ಜೆಯ ಸದ್ದು, ಏದುಸಿರು.

"ಅಮ್ಮಾ," ಎಂದಳು ಅವಳು, "ನಾನ್ ದಾನ್. ಪಾಸಾಯಿಟ್ಟೇನ್ ಮಾ!" ನಾನೇ, ಪಾಸಾದೆ ಎಂದು.

ಆ ಕಡೆಯಿಂದ ಏನು ಹೇಳಿದರೋ ನಮಗೆ ಕೇಳಲಿಲ್ಲ. ಅವಳು ಮಾತ್ರ ನಗುತ್ತ, ಅಳುತ್ತ, "ಹೂಂ, ಹೂಂ," ಎನ್ನುತ್ತ, ಆ ಮಧ್ಯಾಹ್ನದ ಬಿಸಿಲಿನಲ್ಲಿ ಮರದ ಸುತ್ತ ನಡೆಯುತ್ತಲೇ ಇದ್ದಳು.